ಮನೆಗೆ ಮರಳಿದ ಕರಡಿಗಳು

ಓಲ್ಶೋವ
ಡಿಸೆಂಬರ್ 23

ಶ್ರೀ ವೀತ್ ಶಿಮೂನೆಕ್,
ಮುಖ್ಯ ತರಬೇತುದಾರರು, ಓಲ್ಶೋವ ನೀರುನಾಯಿಗಳ ಐಸ್ ಹಾಕಿ ತಂಡ

ಮಾನ್ಯರೇ,

ನಿನ್ನೆ, ಡಿಸೆಂಬರ್ 22ರ ಶುಕ್ರವಾರ ಸಂಜೆ, ಕರಡಿ ಪಂದ್ಯದಲ್ಲಿ, ತಾವು ಈ ಊರಿನ ಮೂರು ಸಾವಿರ ಜನರನ್ನು ಬಗಲಲ್ಲಿ ಬೊಂಬೆ ಕರಡಿ ಇಟ್ಟುಕೊಂಡೇ ಮನೆಗೆ ಕಳಿಸಿದಿರಿ.

ಕ್ರಿಸ್ಮಸ್ಸಿಗೆ ಮುಂಚಿನ ಕೊನೆಯ ತವರು ಪಂದ್ಯದಲ್ಲಿ ನಮ್ಮ ಮೊದಲ ಗೋಲು ಆದ ಕ್ಷಣ ಎಲ್ಲರೂ ತಮ್ಮ ಕರಡಿಯನ್ನು ಮಂಜಿನಂಗಳಕ್ಕೆ ಎಸೆಯುತ್ತಾರೆ, ಅವೆಲ್ಲ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗುತ್ತವೆ ಎಂಬುದು ತಮಗೆ ತಿಳಿಯದ್ದಲ್ಲ. ಪದ್ಧತಿ ಶುರುವಾದ ವರ್ಷ ತಾವೇ ಆಟಗಾರರಾಗಿ ಮಂಡಿಯೂರಿ ಕರಡಿ ಆರಿಸಿದವರು. ಆದರೆ ಕರಡಿ ಬೀಳಬೇಕಾದರೆ ಗೋಲು ಆಗಬೇಕು. ಗೋಲು ಆಗಬೇಕಾದರೆ ಗೋಲಿನ ಕಡೆಗೆ ಹೋಗಬೇಕು. ತಾವು ಐವರನ್ನೂ ನಡುಗೆರೆಯ ಮೇಲೆ ಬೇಲಿಗೂಟಗಳಂತೆ ನಿಲ್ಲಿಸಿದಿರಿ. ಬಂದವರನ್ನು ತಡೆಯುವುದು, ಪಕ್ ಬಿಲ್ಲೆಯನ್ನು ದೂರ ತಳ್ಳುವುದು, ಮತ್ತೆ ಸಾಲಾಗಿ ನಿಲ್ಲುವುದು. ಈ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದಿರುವ ರಾದಿಮ್ ತುಚೆಕ್ ಆಟದ ಕೊನೆಯ, ಮೂರನೇ ಭಾಗ ಪೂರ್ತಿ ಹೆಗಲಿಗೆ ಟವಲು ಹೊದ್ದು ಬೆಂಚಿನ ಮೇಲೆ ಕೂತಿದ್ದ, ಕ್ಷೌರಕ್ಕೆ ಸರದಿ ಕಾಯುವವನಂತೆ. ಕೊನೆಗೆ ಎದುರು ತಂಡದವರು ಹೊಡೆದರು, ನಾವು ಸೊನ್ನೆ–ಒಂದರಿಂದ ಸೋತೆವು.

ಹ್ಯಾನಿಬಲ್ಲನ ಎದುರು ಯುದ್ಧವನ್ನೇ ಮಾಡದೆ ಗುಡ್ಡದಿಂದ ಗುಡ್ಡಕ್ಕೆ ಓಡಾಡಿಕೊಂಡಿದ್ದ ರೋಮನ್ ಸೇನಾಪತಿಯೊಬ್ಬನಿದ್ದ. ಅವನಾದರೂ ಮಕ್ಕಳ ಆಟಿಕೆ ಹಿಡಿದು ಕಾಯುವಂತೆ ಯಾರಿಗೂ ಹೇಳಿರಲಿಲ್ಲ.

ಆಮೇಲೆ ಟ್ರಾಲಿಬಸ್ಸಿನಲ್ಲಿ ನಡೆದದ್ದನ್ನೂ ಕೇಳಿ. ಸೀಟಿಗೊಂದು ಕರಡಿ. ನಮ್ಮ ಪ್ರೇಕ್ಷಕರ ಕಟ್ಟೆಯಲ್ಲಿ ಡೋಲು ಬಾರಿಸುವ ಬೋಹೂಶ್ ತನ್ನದನ್ನು ಡೋಲಿನ ಮೇಲೆ ಕಟ್ಟಿಕೊಂಡು ಹತ್ತಿದ. ಚಾಲಕ ಕನ್ನಡಿಯಲ್ಲಿ ನೋಡಿ, “ಏನ್ರಪ್ಪಾ, ಇವಕ್ಕೆಲ್ಲ ಟಿಕೆಟ್ ಯಾರು ತಗೋತಾರೆ?” ಎಂದ. “ಕೋಚ್ ಹತ್ರ ಇಸ್ಕೋ,” ಎಂದ ಬೋಹೂಶ್. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಉತ್ತರ ನಿರೀಕ್ಷಿಸುತ್ತೇನೆ.

ದ್ರಾಹೊಮಿರಾ ಶಿಮೂನ್ಕೋವಾ
ನಿವೃತ್ತ ಗ್ರಂಥಪಾಲಕಿ, ದೊಡ್ಡ ಕಟ್ಟೆಯ ಖಾಯಂ ಟಿಕೆಟ್‌ದಾರಳು

ಮರೆತ ಮಾತು: ಊಟದ ಮೇಜಿನಲ್ಲಿ ಹಾಕಿ ಮಾತು ಕೂಡದು ಎಂದು ಸೊಸೆ ಯಿತ್ಕಾ ನಿಯಮ ಮಾಡಿರುವುದರಿಂದ ಇದನ್ನು ನಿನ್ನ ಕೋಟಿನ ಜೇಬಿಗೆ ಹಾಕುತ್ತೇನೆ. ನಾಳೆ ಸಲಾಡಿಗೆ ಉಪ್ಪು ಸೌತೆ ನೀನೇ ತಾ, ಮಗನೇ. ಕಳೆದ ವರ್ಷದ್ದು ಮೆತ್ತಗಿತ್ತು.


ಓಲ್ಶೋವ
ಡಿಸೆಂಬರ್ 27

ಮಾನ್ಯ ಖಾಯಂ ಟಿಕೆಟ್‌ದಾರರೇ,

ತಮ್ಮ ಪತ್ರ ತಲುಪಿತು. ನಮ್ಮ ಇಬ್ಬರು ರಕ್ಷಣಾ ಆಟಗಾರರು ಜ್ವರದಲ್ಲಿ ಮಲಗಿದ್ದರು. ಎದುರಾಳಿಗಳು ಈ ಲೀಗಿನಲ್ಲೇ ಅತಿ ವೇಗದವರು. ಪಟ್ಟಿಯಲ್ಲಿ ನಾವು ಕೊನೆಯಿಂದ ಎರಡನೆಯವರು. ಸಮವಾಗಿ ಮುಗಿದಿದ್ದರೂ ಒಂದು ಅಂಕ ಸಿಗುತ್ತಿತ್ತು. ಆ ರೋಮನ್ ಸೇನಾಪತಿಯ ವಿಷಯ ನನಗೂ ಶಾಲೆಯಲ್ಲಿ ಪಾಠವಿತ್ತು. ಕೊನೆಗೆ ರೋಮ್ ಉಳಿದದ್ದು ಅವನಿಂದಲೇ ಎಂದು ಮೇಷ್ಟ್ರು ಹೇಳಿದ ನೆನಪು.

ರಾದಿಮ್ ಬೆಂಚಿನ ಮೇಲೆ ಇದ್ದದ್ದೇಕೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಟಿಕೆಟ್ ಕಿಟಕಿಯ ಪಕ್ಕ ದೊಡ್ಡ ಪೆಟ್ಟಿಗೆ ಇಡಿಸಿದ್ದೇನೆ. ಕರಡಿಗಳನ್ನು ಅದರಲ್ಲಿ ಹಾಕಿದರೆ ಕ್ಲಬ್ಬಿನ ವ್ಯಾನು ಆಸ್ಪತ್ರೆಗೆ ಮುಟ್ಟಿಸುತ್ತದೆ.

ವಿಶ್ವಾಸಿ,
ವೀತ್ ಶಿಮೂನೆಕ್

ಅಮ್ಮಾ, ಸೌತೆ ಗರಿಗರಿಯಾಗಿತ್ತು ಎಂದು ನೀನೇ ಮೂರು ಸಲ ಬಡಿಸಿಕೊಂಡೆ. ಅದನ್ನೂ ದಾಖಲೆಯಲ್ಲಿ ಸೇರಿಸು.


ಓಲ್ಶೋವ
ಜನವರಿ 3

ಮಾನ್ಯರೇ,

ಉತ್ತರವಿಲ್ಲ ಎಂಬುದು ಉತ್ತರವಲ್ಲ. ಲೈಬ್ರರಿಯ ಮೇಜಿನ ಹಿಂದೆ ಕೂತು ನಲವತ್ತು ವರ್ಷ ಇದನ್ನು ಬೇರೆಯವರ ಬಾಯಲ್ಲಿ ಕೇಳಿದ್ದೇನೆ. ಪುಸ್ತಕ ಕಳೆದವರೆಲ್ಲ ಹೀಗೆಯೇ ಹೇಳುತ್ತಾರೆ.

ನಿನ್ನೆ ಸಂಜೆ ಗಿರಣಿ ಪಬ್ಬಿನಲ್ಲಿ ಕಟ್ಟೆಯವರ ಸಭೆ ಸೇರಿತ್ತು. ತಮ್ಮ ಪೆಟ್ಟಿಗೆಯಲ್ಲಿ ಈವರೆಗೆ ಬಿದ್ದಿರುವುದು ಒಂದು ಕರಡಿ ಮತ್ತು ಯಾರೋ ತಿಂದು ಬಿಟ್ಟ ಸಾಸೇಜಿನ ಕಾಗದ. ಆ ಕರಡಿಯನ್ನೂ ಅದರ ಯಜಮಾನ ಸಭೆಯ ನಂತರ ವಾಪಸು ತೆಗೆದುಕೊಂಡ. ಮಂಜಿನ ಮೇಲೆ ಬೀಳದ ಕರಡಿ ಬರೀ ಅಂಗಡಿಯ ಬೊಂಬೆ ಎಂದು ಸಭೆ ತೀರ್ಮಾನಿಸಿದೆ. ತವರಿನಲ್ಲಿ ಒಂದು ಗೋಲು ಆಗುವವರೆಗೆ ಎಲ್ಲರೂ ಪ್ರತಿ ಪಂದ್ಯಕ್ಕೂ ಕರಡಿ ತರುತ್ತಾರೆ. ಶುಕ್ರವಾರದಿಂದಲೇ.

ಎರಡನೇ ವಿಷಯ ನನಗೆ ಸಂಬಂಧಿಸಿದ್ದು. ಬೋಹೂಶ್ ಮೂರನೇ ಬಿಯರ್ ಮುಗಿಸಿ ಎದ್ದು ನಿಂತ.

“ದ್ರಾಹಾ, ತಪ್ಪು ತಿಳ್ಕೋಬೇಡ. ಈ ಊರಿಗೆ ಬಂದ ಏಳು ಕೋಚ್‌ಗಳಿಗೂ ವಾರಪತ್ರಿಕೇಲಿ ಬಹಿರಂಗ ಪತ್ರ ಬರೆದೋಳು ನೀನು. ಗೋಲ್‌ಕೀಪರ್ ಬದಲಾಯಿಸಿದ ಅಂತ ಒಬ್ಬನಿಗೆ ಎರಡು ಪುಟ ಬರೆದಿದ್ದೆ. ಈಗ ಎಂಟನೇಯೋನಿಗೆ ಬರ್ಯೋ ಹೊತ್ತಲ್ಲಿ ಶಾಯಿ ಮುಗೀತಾ?”

“ಶಾಯಿ ಇದೆ,” ಎಂದೆ.

“ಮತ್ತೆ?”

“ಮತ್ತೆ ಏನು? ಬಿಯರ್ ಕುಡಿ.”

ಯಾರೂ ನಗಲಿಲ್ಲ. ಜನವರಿ ಮುಗಿಯುವುದರೊಳಗೆ ನನ್ನ ಪತ್ರ ಪತ್ರಿಕೆಯಲ್ಲಿ ಬರಬೇಕು, ಇಲ್ಲವಾದರೆ ಕಟ್ಟೆಯ ಪರವಾಗಿ ಬರೆಯುವ ಕೆಲಸವನ್ನು ಬೇರೆಯವರಿಗೆ ಕೊಡುತ್ತಾರೆ. ಬೇರೆಯವರೆಂದರೆ ಹಲ್ಲಿನ ಡಾಕ್ಟರು. ಅವರು ಒಂದು ವಾಕ್ಯದಲ್ಲಿ ನಾಲ್ಕು ಸಲ “ನಿಜವಾಗಿಯೂ” ಎಂದು ಬರೆಯುತ್ತಾರೆ.

ದ್ರಾಹೊಮಿರಾ ಶಿಮೂನ್ಕೋವಾ

ಮರೆತ ಮಾತು: ಕ್ಲಬ್ಬಿನ ನಿರ್ದೇಶಕರು ಬೇರೆ ಊರಿನ ಕೋಚ್ ಒಬ್ಬನಿಗೆ ಫೋನು ಮಾಡಿದ್ದಾರೆ ಎಂದು ಬೇಕರಿಯಲ್ಲಿ ಕೇಳಿದೆ. ನಿಜವೇ? ನೀನು ಸರಿಯಾಗಿ ನಿದ್ದೆ ಮಾಡುತ್ತಿದ್ದೀಯಾ? ಭಾನುವಾರದ ಊಟದಲ್ಲಿ ಕೇಳುವ ಹಾಗಿಲ್ಲವಲ್ಲ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.


ಓಲ್ಶೋವ
ಜನವರಿ 8

ಅಮ್ಮಾ,

ಇದು ಖಾಯಂ ಟಿಕೆಟ್‌ದಾರರಿಗೆ ಅಲ್ಲ, ನಿನಗೆ.

ಫೋನು ಮಾಡಿದ್ದು ನಿಜ. ಮೊನ್ನೆ ಶುಕ್ರವಾರ ಮತ್ತೆ ಸೊನ್ನೆ–ಎರಡು ಆಯಿತಲ್ಲ, 19ನೇ ತಾರೀಖಿನ ಪಂದ್ಯವನ್ನೂ ಸೋತರೆ ನಾನು ಹೋಗಬೇಕು. ನಿದ್ದೆ ಚೆನ್ನಾಗಿಯೇ ಬರುತ್ತಿದೆ. ಯಿತ್ಕಾಳನ್ನು ಕೇಳಬೇಡ, ಅವಳಿಗೆ ಹೇಳಿಲ್ಲ.

ಶುಕ್ರವಾರ ರಾದಿಮ್‌ನನ್ನು ಪೂರ್ತಿ ಆಡಿಸಿದೆ, ನೀನು ನೋಡಿದೆ. ಮೂರು ಸಲ ಗೋಲುಕಂಬಕ್ಕೆ ಹೊಡೆದ. ಬಂದು ಬೆಂಚಿನ ಮೇಲೆ ಕೂತವನೇ, “ಸಾರ್, ಅವು ನನ್ನೇ ನೋಡ್ತಿವೆ,” ಎಂದ. ಮಂಜಿನ ಮೇಲಿಂದ ನೋಡಿದರೆ ಕಟ್ಟೆಯ ತುಂಬ ಗಾಜಿನ ಕಣ್ಣುಗಳು.

ಇನ್ನು ನಿನ್ನ ಪ್ರಶ್ನೆ. ಇದು ನಮ್ಮಿಬ್ಬರಲ್ಲೇ ಇರಲಿ. ನೀನು ಮಾತು ಕೊಟ್ಟಿದ್ದೀಯ ಎಂದುಕೊಂಡೇ ಬರೆಯುತ್ತೇನೆ. ಹಿಂದಿನ ನಾಲ್ಕು ಕರಡಿ ಪಂದ್ಯಗಳನ್ನು ನೆನೆಸಿಕೋ. ನಾಲ್ಕರಲ್ಲೂ ಮೊದಲ ಗೋಲು ನಮ್ಮದೇ, ನಾಲ್ಕರಲ್ಲೂ ಸೋತದ್ದು ನಾವೇ. ಕರಡಿ ಬಿದ್ದ ಮೇಲೆ ನಮ್ಮ ಹುಡುಗರು ಚೀಲ ಹಿಡಿದು ಬಗ್ಗಿ ಬಗ್ಗಿ ಆರಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಸೊಂಟ ಹಿಡಿದುಕೊಂಡು ಬರುತ್ತಾರೆ. ಎದುರು ತಂಡ ಅಷ್ಟು ಹೊತ್ತೂ ಒಳಗೆ ಬಿಸಿ ಚಹಾ ಕುಡಿದು ಕಾಲು ಬೆಚ್ಚಗೆ ಮಾಡಿಕೊಂಡು ಬರುತ್ತದೆ. ಆಮೇಲೆ ಅವರದೇ ಆಟ.

ಅದಕ್ಕೆ ಈ ಸಲ ಗೋಲು ಕೊನೆಯ ಮೂರು ನಿಮಿಷದಲ್ಲಿ ಬರಬೇಕು ಎಂದು ಯೋಚಿಸಿದೆ. ಅಲ್ಲಿಯವರೆಗೆ ಬೇಲಿ ಹಾಕಿ ಕಾಯುವುದು, ರಾದಿಮ್‌ನನ್ನು ದಣಿಯದಂತೆ ಕೂರಿಸುವುದು, ಕೊನೆಗೆ ಬಿಡುವುದು. ಅವನು ಒಂದು ಕಾಲನ್ನು ಅಡ್ಡಗೋಡೆಯ ಮೇಲೆ ಹಾಕಿಯೂ ಆಗಿತ್ತು. ಅಷ್ಟರಲ್ಲಿ ಅವರು ಹೊಡೆದರು.

ಇದನ್ನು ಪತ್ರಕರ್ತರಿಗೆ ಹೇಗೆ ಹೇಳಲಿ? ಕಾಯಿಲೆಯ ಮಕ್ಕಳಿಗೆ ಕೊಟ್ಟ ಕರಡಿಗಳಿಂದ ಸೋತೆವು ಎಂದ ತರಬೇತುದಾರನಿಗೆ ಈ ಊರಿನಲ್ಲಿ ಯಾರೂ ಬ್ರೆಡ್ಡು ಕೂಡ ಮಾರುವುದಿಲ್ಲ. ಶಿಳ್ಳೆ ಹೊಡೆಸಿಕೊಳ್ಳುವುದೇ ವಾಸಿ.

ಒಂದು ಸಹಾಯ ಮಾಡು. ಡಿಸೆಂಬರಿನ ಪಂದ್ಯಕ್ಕೆ ರೆಫ್ರಿಗಳ ಅನುಮತಿ ಮೊದಲೇ ಇತ್ತು. ಉಳಿದ ಪಂದ್ಯಗಳಲ್ಲಿ ಮಂಜಿನ ಮೇಲೆ ಏನು ಬಿದ್ದರೂ ನಮ್ಮವನೊಬ್ಬ ಎರಡು ನಿಮಿಷ ಹೊರಗೆ ಕೂರಬೇಕು. 19ರಂದು ಗೋಲು ಆದರೆ ಎಸೆಯಬೇಡಿ ಎಂದು ಕಟ್ಟೆಗೆ ಹೇಳು.

ಪತ್ರಿಕೆಗೆ ಬರೆಯಬೇಕೆನಿಸಿದರೆ ಬರಿ. ನನಗೋಸ್ಕರ ಪೆನ್ನು ಮುಚ್ಚಿಡಬೇಡ.

ವೀತ್


ಓಲ್ಶೋವ
ಜನವರಿ 11

ವೀತ್,

ನನ್ನ ನೆನಪಿನ ಶಕ್ತಿಯನ್ನೇ ಪ್ರಶ್ನಿಸಿದ ಮೊದಲ ತರಬೇತುದಾರ ನೀನು. ಉಳಿದ ಏಳು ಮಂದಿಗೆ ಆ ಧೈರ್ಯ ಇರಲಿಲ್ಲ.

ಕೂತು ನೆನೆಸಿಕೊಂಡೆ. ಪ್ರತಿ ವರ್ಷ ಗೋಲು ಹೊಡೆದವರು ಯಾರು, ಯಾವ ಮೂಲೆಯಿಂದ, ನನ್ನ ಕರಡಿ ಎಲ್ಲಿ ಬಿತ್ತು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಒಂದು ವರ್ಷ ಅದು ಗೋಲ್‌ಕೀಪರನ ಹೆಲ್ಮೆಟ್ಟಿಗೆ ತಾಗಿತ್ತು. ಪಂದ್ಯ ಏನಾಯಿತು ಎಂಬುದು ಮಾತ್ರ ಎಷ್ಟು ತಡಕಾಡಿದರೂ ಸಿಗಲಿಲ್ಲ. ಬೋಹೂಶ್‌ನಿಗೆ ಫೋನು ಮಾಡಿದೆ.

“ಗೆದ್ವಿ ಕಣೇ,” ಎಂದ.

“ನಾಲ್ಕೂ ವರ್ಷವಾ?”

“ಕರಡಿ ಬಿತ್ತಲ್ಲ. ಮತ್ತೆ ಗೆದ್ದಂಗೇ.”

ಲೈಬ್ರರಿಗೆ ಹೋಗಿ ಹಳೆಯ ಪತ್ರಿಕೆ ತೆಗೆಸಿ ನೋಡಿದೆ. ನೀನು ಹೇಳಿದ್ದು ಸರಿ. ಒಂದು ವರ್ಷವಂತೂ ಒಂದು–ಆರು. ಇಡೀ ಊರು ಆ ಸಂಜೆ ಹಾಡುತ್ತ ಮನೆಗೆ ಹೋದದ್ದು ನನಗೆ ನೆನಪಿದೆ.

ಇದರಿಂದ ನಿನ್ನ ಬೇಲಿ ಸುಂದರವಾಗುವುದಿಲ್ಲ. ಆದರೆ ಕಾರಣವಿದ್ದ ತಪ್ಪು ಬೇರೆ, ಕಾರಣವಿಲ್ಲದ ತಪ್ಪು ಬೇರೆ. ಇದನ್ನು ನೀನು ಎಲ್ಲರ ಮುಂದೆ ಹೇಳಬೇಕು. ಈ ಊರಿನವರು ಅಷ್ಟು ದಡ್ಡರಲ್ಲ, ಹಾಗೆ ಕಾಣುತ್ತಾರೆ ಅಷ್ಟೇ. ಹೇಳುವುದಿಲ್ಲ ಎನ್ನುವುದಾದರೆ ನಾನು ಬಾಯಿ ಬಿಡುವುದಿಲ್ಲ. ಅದು ನನಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತು.

ಕಟ್ಟೆಗೆ ಹೇಳುತ್ತೇನೆ. ಕೇಳುತ್ತಾರೆ ಎಂದು ಭರವಸೆ ಕೊಡಲಾರೆ.

ಅಮ್ಮ


ಓಲ್ಶೋವ
ಜನವರಿ 17

ಪ್ರೀತಿಯ ಅತ್ತೆಗೆ,

ಅವರ ಕೋಟನ್ನು ಡ್ರೈ ಕ್ಲೀನಿಂಗಿಗೆ ಕೊಡಲು ಹೋಗಿ ಜೇಬಿನಲ್ಲಿ ನಿಮ್ಮ ಲಕೋಟೆ ಸಿಕ್ಕಿತು. ಓದಲಿಲ್ಲ. ಮೇಲೆ “ಮಾನ್ಯ ತರಬೇತುದಾರರಿಗೆ” ಎಂದು ಬರೆದದ್ದು ನೋಡಿ ನಗು ಬಂತು, ಆಮೇಲೆ ನಗು ಬರಲಿಲ್ಲ. ತಾಯಿ ಮಗ ಮಾತಾಡಲು ಅಂಚೆಚೀಟಿ ಹುಡುಕುವಂತೆ ಮಾಡುವುದು ನನ್ನ ಉದ್ದೇಶವಾಗಿರಲಿಲ್ಲ. ಸಾರು ಆರಬಾರದು ಎಂದಷ್ಟೇ ಆ ನಿಯಮ ಮಾಡಿದ್ದು.

19ರ ನಂತರ ಏನಾಗಬಹುದು ಎಂಬುದು ನನಗೆ ಗೊತ್ತು. ಅವರು ಹೇಳಿಲ್ಲ, ನಾನು ಕೆಲಸ ಮಾಡುವ ವಾರ್ಡಿನ ಆಯಾ ಹೇಳಿದಳು. ಕ್ರಿಸ್ಮಸ್ಸಿಗೆ ಕರಡಿ ಬರಲಿಲ್ಲ ಏಕೆ ಎಂದು ಮಕ್ಕಳು ಕೇಳಿದಾಗ, ಅವು ಗೋಲಿಗೆ ಕಾಯುತ್ತಿವೆ ಎಂದಿದ್ದೆ. ಈಗ ಬೆಳಿಗ್ಗೆ ಇಂಜೆಕ್ಷನ್ ಹಿಡಿದು ಹೋದರೆ ಮೊದಲ ಪ್ರಶ್ನೆಯೇ, “ಸಿಸ್ಟರ್, ನಿನ್ನೆ ಎಷ್ಟು ಆಯ್ತು?” ಮೂಳೆ ಮುರಿದ ಒಬ್ಬಳು ಪುಟ್ಟಿಗೆ ಪಟ್ಟಿಯಲ್ಲಿ ನಾವು ಎಷ್ಟನೆಯವರು ಎಂಬುದು ನನಗಿಂತ ಚೆನ್ನಾಗಿ ಗೊತ್ತು.

ನನಗೂ ಒಂದು ಟಿಕೆಟ್ ತೆಗೆಯುತ್ತೀರಾ? ಡ್ಯೂಟಿ ಮುಗಿಸಿ ಬರುವುದು ತಡವಾಗಬಹುದು. ಕಪಾಟಿನ ಮೇಲಿರುವ ಕೆಂಪು ಸ್ಕಾರ್ಫಿನ ಕರಡಿ ತರುತ್ತೇನೆ. ಮದುವೆಗೆ ಮುಂಚೆ ಅವರೇ ಕೊಟ್ಟದ್ದು. ಅವರಿಗೆ ಹೇಳಬೇಡಿ.

ನಿಮ್ಮ
ಯಿತ್ಕಾ


ಓಲ್ಶೋವ
ಜನವರಿ 20

ವೀತ್,

ನೀನು ಕಟ್ಟೆಗೆ ಬೆನ್ನು ಮಾಡಿ ನಿಲ್ಲುವವನು. ನಿನ್ನೆ ನಿನ್ನ ಬೆನ್ನ ಹಿಂದೆ ಏನಾಯಿತು ಎಂಬುದು ನಿನಗೆ ತಿಳಿಯಬೇಕಾದದ್ದು. ಅದಕ್ಕೆ ಬರೆಯುತ್ತಿದ್ದೇನೆ.

ಆಟ ಶುರುವಾಗುವ ಮುಂಚೆ ನಾನು ಬೋಹೂಶ್‌ನ ಡೋಲಿನ ಪಕ್ಕ ನಿಂತು ಎಲ್ಲರಿಗೂ ಹೇಳಿದೆ: “ಗೋಲ್ ಆದ್ರೆ ಯಾರೂ ಎಸೀಬೇಡಿ. ಎಸೆದ್ರೆ ನಮ್ಮೋನೊಬ್ಬ ಎರಡು ನಿಮಿಷ ಹೊರಗೆ.”

“ಎಸೀದೆ ಹೆಂಗಿರೋದು? ಕೈ ತಾನಾಗೇ ಎದ್ಬಿಡತ್ತೆ,” ಎಂದರು ಹಲ್ಲಿನ ಡಾಕ್ಟರು.

“ಹಂಗಾದ್ರೆ ಅದರ ಮೇಲೆ ಕೂತ್ಕೊಳ್ಳಿ.”

“ಮಗನ ಪರ ವಕಾಲತ್ತು,” ಎಂದು ಹಿಂದಿನಿಂದ ಯಾರೋ ಅಂದರು. ಯಾರೆಂದು ಗೊತ್ತು. ಅವರ ಹತ್ತಿರ ಲೈಬ್ರರಿಯ ಎರಡು ಪುಸ್ತಕ ಇನ್ನೂ ಉಳಿದಿವೆ.

ಯಿತ್ಕಾ ಎರಡನೇ ಭಾಗದ ನಡುವೆ ಬಂದು ನನ್ನ ಪಕ್ಕ ಕೂತಳು. ಹಾಕಿ ಮಾತು ಬೇಡ ಎಂಬ ನಿಯಮ ಅವಳದೇ ಆದ್ದರಿಂದ ನಾನು ಏನೂ ವಿವರಿಸಲಿಲ್ಲ. ಬ್ರೆಡ್ಡು, ಸಾಸೇಜು ಕೊಟ್ಟೆ ಅಷ್ಟೇ.

ಮೂರನೇ ಭಾಗದಲ್ಲಿ ನೀನು ಮತ್ತೆ ಬೇಲಿ ಹಾಕಿದೆ. ರಾದಿಮ್‌ಗೆ ಮತ್ತೆ ಟವಲು ಹೊದಿಸಿದೆ. ಕಟ್ಟೆ ಶಿಳ್ಳೆ ಹೊಡೆದದ್ದು ನಿನಗೆ ಕೇಳಿಸಿರಬೇಕು, ನಿನ್ನ ಕುತ್ತಿಗೆ ಕೆಂಪಾಗಿತ್ತು. ನಾನೊಬ್ಬಳು ಶಿಳ್ಳೆ ಹೊಡೆಯಲಿಲ್ಲ. ಬೋಹೂಶ್ ಡೋಲು ನಿಲ್ಲಿಸಿ ನನ್ನನ್ನೇ ನೋಡಿದ. “ನಿಂಗೇನೋ ಗೊತ್ತು,” ಎಂದ. “ಗೊತ್ತು. ಹೇಳಲ್ಲ,” ಎಂದೆ. ಐವತ್ತು ವರ್ಷದಲ್ಲಿ ನನ್ನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು ಎಂದು ಅವನು ಗಾಬರಿಯಾದ. ಪಕ್ಕದವರಿಗೂ ಹೇಳಿದ. ಶಿಳ್ಳೆ ಸ್ವಲ್ಪ ಕಡಿಮೆಯಾಯಿತು.

ಕೊನೆಯ ಮೂರು ನಿಮಿಷ ಉಳಿದಾಗ, ಇನ್ನೂ ಸೊನ್ನೆ–ಸೊನ್ನೆ ಇದ್ದಾಗಲೇ, ನೀನು ಟೈಮ್ ಔಟ್ ಕರೆದೆ. ರಾದಿಮ್ ಟವಲು ಕಿತ್ತೆಸೆದು ಅಡ್ಡಗೋಡೆ ಹಾರಿದ. ಈ ಸಲ ಅವನು ಕಟ್ಟೆಯ ಕಡೆ ತಲೆ ಎತ್ತಲೇ ಇಲ್ಲ. ಗೋಲು.

ನೀನು ತಿರುಗಿ ನೋಡಬೇಕಿತ್ತು, ಮಗನೇ. ಮೂರು ಸಾವಿರ ಜನ ಕೂಗುತ್ತ ಎದ್ದರು, ಕೈಗಳು ಎದ್ದವು, ಕರಡಿಗಳು ಎದ್ದವು, ಹಾಗೆಯೇ ನಿಂತವು. ನಾನು ನನ್ನದನ್ನು ಸೀಟಿನ ಮೇಲೆ ಹಾಕಿ ಅದರ ಮೇಲೆ ಕೂತೆ. ಬೋಹೂಶ್ ಕೂತ. ಹಲ್ಲಿನ ಡಾಕ್ಟರು ಕೂತರು. ಸಾಲು ಸಾಲಾಗಿ ಇಡೀ ಕಟ್ಟೆ ಕೂತಿತು. ಗೋಲು ಹೊಡೆದ ತಂಡದ ಅಭಿಮಾನಿಗಳು ಪರೀಕ್ಷೆ ಬರೆಯುವ ಮಕ್ಕಳಂತೆ ಕೂತಿದ್ದನ್ನು ಕಂಡು ಎದುರು ತಂಡದ ಗೋಲ್‌ಕೀಪರ್ ಮುಖವಾಡ ಎತ್ತಿ ನೋಡಿದ.

ಆಗ ಒಂದು ಕರಡಿ ಹಾರಿತು. ಒಂದೇ ಒಂದು. ನಿನ್ನ ತಲೆಯ ಮೇಲೆಯೇ ಹೋಗಿ ನಡುಗೆರೆಯ ಮೇಲೆ ಬಿತ್ತು. ಯಾರು ಎಸೆದರು ಎಂದು ನಾನು ನೋಡಲಿಲ್ಲ. ರೆಫ್ರಿ ಅದನ್ನು ಕಿವಿ ಹಿಡಿದು ಎತ್ತಿಕೊಂಡು ಹೋಗಿ ದಂಡದ ಪೆಟ್ಟಿಗೆಯಲ್ಲಿ ಕೂರಿಸಿದ, ಪಕ್ಕದಲ್ಲಿ ನಮ್ಮ ಆಟಗಾರನನ್ನೂ ಕೂರಿಸಿದ.

ಎದುರು ತಂಡದವರು ತಮ್ಮ ಗೋಲ್‌ಕೀಪರನನ್ನೂ ಹೊರಗೆ ಕರೆದು ಆರು ಜನ ನುಗ್ಗಿದರು. ನಮ್ಮವರು ನಾಲ್ವರು. ನೀನು ಆ ನಾಲ್ವರನ್ನು ಗೂಟದಂತೆ ನಿಲ್ಲಿಸಿದೆ. ಬಂದವರನ್ನು ತಡೆಯುವುದು, ಪಕ್ ಬಿಲ್ಲೆಯನ್ನು ದೂರ ತಳ್ಳುವುದು, ಮತ್ತೆ ಸಾಲಾಗಿ ನಿಲ್ಲುವುದು. ಬೇಲಿ ಕೊನೆಯವರೆಗೂ ನಿಂತಿತು. ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡ. ಕಂಡದ್ದನ್ನು ಬರೆದೆ.

ಹಾರ್ನ್ ಆದ ಮೇಲಿನದ್ದು ನಿನಗೆ ಗೊತ್ತು. ಕರಡಿಗಳು ಸ್ವಲ್ಪ ಚಪ್ಪಟೆಯಾಗಿದ್ದವು, ಆದರೂ ದೂರ ಹೋದವು.

ಅಮ್ಮ


ಓಲ್ಶೋವ
ಜನವರಿ 24

ಅಮ್ಮಾ,

ನಿರ್ದೇಶಕರು ನಿನ್ನೆ ಕರೆಸಿ ಋತು ಮುಗಿಯುವವರೆಗೆ ನೀವೇ ಇರಿ ಎಂದರು. ಬೇರೆ ಊರಿನ ಕೋಚಿಗೆ ಮಾಡಿದ ಫೋನು ಹಬ್ಬದ ಶುಭಾಶಯ ಹೇಳಲಿಕ್ಕಂತೆ.

ಕಪಾಟಿನ ಮೇಲೆ ಕೆಂಪು ಸ್ಕಾರ್ಫಿನ ಕರಡಿ ಕಾಣುತ್ತಿಲ್ಲ. ನಾನು ಕೇಳಿಲ್ಲ. ಯಿತ್ಕಾ ನನಗೆ ಎರಡು ಸಲ ಸಾರು ಬಡಿಸಿದಳು. ವಾರ್ಡಿನಲ್ಲಿ ಮೂಳೆ ಮುರಿದ ಹುಡುಗಿಗೆ ದಂಡದ ಪೆಟ್ಟಿಗೆಯಲ್ಲಿ ಕೂತು ಬಂದ ಕರಡಿಯೇ ಬೇಕಿತ್ತಂತೆ, ಸಿಕ್ಕಿತಂತೆ.

ಎಲ್ಲ ಸರಿಹೋಯಿತಲ್ಲ. ಇನ್ನು ಪತ್ರಿಕೆಗೆ ಬರೆಯುವ ಅಗತ್ಯ ನಿನಗೂ ಇಲ್ಲ ಎಂದುಕೊಂಡಿದ್ದೇನೆ.

ವೀತ್


ಸಂಪಾದಕರಿಗೆ ಪತ್ರಗಳು
ಓಲ್ಶೋವ ವಾರಪತ್ರಿಕೆ
ಜನವರಿ 31

ಮುಖ್ಯ ತರಬೇತುದಾರ ಶ್ರೀ ವೀತ್ ಶಿಮೂನೆಕ್ ಅವರಿಗೆ ಬಹಿರಂಗ ಪತ್ರ

ಮಾನ್ಯರೇ,

ಡಿಸೆಂಬರ್ 22ರಂದು ಈ ಊರು ತನ್ನ ಕರಡಿಗಳನ್ನು ಮನೆಗೆ ಹೊತ್ತುಕೊಂಡು ಹೋಯಿತು. ಜನವರಿ 19ರಂದು ಗೆದ್ದೆವು ಎಂಬ ಕಾರಣಕ್ಕೆ ಡಿಸೆಂಬರಿನ ಲೆಕ್ಕ ಚುಕ್ತಾ ಆಗುವುದಿಲ್ಲ. ಗೆದ್ದ ದಿನ ಎಲ್ಲವನ್ನೂ ಮರೆಯುವ ಅಭ್ಯಾಸ ನಮಗೆ ಇದೆ. ಅದರಿಂದ ನಮಗೆ ಒಳ್ಳೆಯದಾಗಿಲ್ಲ ಎಂಬುದನ್ನು ನಾನು ಇತ್ತೀಚೆಗೆ ಲೈಬ್ರರಿಯ ಹಳೆಯ ಸಂಚಿಕೆಗಳಲ್ಲಿ ಓದಿ ತಿಳಿದೆ. ಹಿಂದಿನ ನಾಲ್ಕು ಕರಡಿ ಪಂದ್ಯಗಳ ಫಲಿತಾಂಶ ಓದುಗರಲ್ಲಿ ಯಾರಿಗಾದರೂ ನೆನಪಿದ್ದರೆ ಕೈ ಎತ್ತಲಿ. ಡೋಲು ಬಾರಿಸುವವರು ಎತ್ತುವುದು ಬೇಡ.

ಆ ಸಂಜೆ ರಾದಿಮ್ ತುಚೆಕ್‌ನನ್ನು ಕೂರಿಸಿದ್ದಕ್ಕೆ ತಮ್ಮ ಹತ್ತಿರ ಕಾರಣವಿದೆ. ಅದು ಒಬ್ಬರಿಗೆ ಗೊತ್ತು. ಆ ಒಬ್ಬರು ಕೊಟ್ಟ ಮಾತಿಗೆ ಕಟ್ಟುಬಿದ್ದು, ಮೂರು ಸಾವಿರ ಜನ ಶಿಳ್ಳೆ ಹೊಡೆಯುವಾಗ ಕೈ ಕಟ್ಟಿ ಕೂತಿದ್ದರು. ಕೊಟ್ಟ ಮಾತು ಇಲ್ಲಿಯೂ ಮುರಿದಿಲ್ಲ. ಆದರೆ ತವರಿನವರ ಶಿಳ್ಳೆಯನ್ನು ಬೆನ್ನಿಗೆ ಹಾಕಿಕೊಂಡು ತೆಪ್ಪಗೆ ನಿಲ್ಲುವುದು ಸೌಜನ್ಯವಲ್ಲ. ಸತ್ಯ ಕೇಳುವಷ್ಟು ದೊಡ್ಡವರು ಇವರಲ್ಲ ಎಂದು ನಮ್ಮ ಬಗ್ಗೆ ತಾವೇ ತೀರ್ಮಾನಿಸಿದಂತಾಯಿತು. ಕರಡಿಯ ಮೇಲೆ ಕೂತು ಕೈ ತಡೆದುಕೊಂಡ ಊರಿದು. ಇನ್ನೊಂದು ಮಾತನ್ನೂ ತಡೆದುಕೊಳ್ಳುತ್ತದೆ.

ಈ ಪತ್ರ ಬರೆದವಳು ತಮ್ಮ ತಾಯಿ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಮುಚ್ಚಿಡುವುದಿಲ್ಲ. ತಾಯಿಗೆ ತಮ್ಮಿಂದ ಉತ್ತರ ಬಂದಿದೆ. ಖಾಯಂ ಟಿಕೆಟ್‌ದಾರಳಿಗೆ ಬಂದಿಲ್ಲ. ಅವಳ ಅಕ್ಕಪಕ್ಕ ಕೂರುವ ಯಾರಿಗೂ ಬಂದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ: ಡಿಸೆಂಬರ್ 22ರಂದು ತಾವು ಗೋಲನ್ನು ಕೊನೆಯವರೆಗೆ ಏಕೆ ಕಾಯಿಸಿದಿರಿ? ಮುಂದಿನ ಕ್ರಿಸ್ಮಸ್ಸಿಗೆ ಕರಡಿಗಳು ಬೀಳಬೇಕಾದದ್ದು ಮೊದಲ ಗೋಲಿಗೋ, ಕೊನೆಯ ಹಾರ್ನಿಗೋ? ಎರಡಕ್ಕೂ ಉತ್ತರ ಮುಂದಿನ ಬುಧವಾರದೊಳಗೆ ಇದೇ ಪುಟದಲ್ಲಿ, ತಮ್ಮ ಪೂರ್ತಿ ಹೆಸರು ಮತ್ತು ಸಹಿಯೊಂದಿಗೆ ಬರಬೇಕು. ಭಾನುವಾರದ ಊಟದ ಮೇಜಿನ ಮೇಲೆ, ಸಾರು ಎಷ್ಟೇ ರುಚಿಯಾಗಿದ್ದರೂ, ಹೇಳಿದ್ದನ್ನು ಉತ್ತರವೆಂದು ಒಪ್ಪಿಕೊಳ್ಳಲಾಗುವುದಿಲ್ಲ.

ದ್ರಾಹೊಮಿರಾ ಶಿಮೂನ್ಕೋವಾ
ದೊಡ್ಡ ಕಟ್ಟೆಯ ಪರವಾಗಿ